ಗಾದ್ರಮ್ಮನ ಗಡಿಗೆಯ ಗಂಟುಗಳು

ಯಾಸ್ಮೀನ್ ಗಾದ್ರಮ್ಮನನ್ನು ಮೊದಲ ಸಲ ನೋಡಿದ್ದು ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು. ಆಗ ಅವಳಿನ್ನೂ ಎರಡನೇ ಕ್ಲಾಸು. ಅಮ್ಮ ತಾಜ್‌ಬೀ ಸೆರಗನ್ನು ಹಣೆವರೆಗೂ ಎಳೆದುಕೊಂಡು, ಮಗಳ ಕೈ ಹಿಡಿದು, ಬಿಳಿಗಲ್ಲುಕಟ್ಟೆಯ ಹಿಂದಿನ ಓಣಿಯಿಂದ ಬಂದಿದ್ದಳು. ಮುಂದಿನ ಬೀದಿಯಲ್ಲಿ ಬಂದರೆ ಅಪ್ಪ ಲಾಲ್‌ಸಾಬ್ ಇಸ್ಪೀಟು ಆಡುತ್ತ ಕೂರುವ ಜಗಲಿ ದಾಟಬೇಕಿತ್ತು.

ಒಳಗೆ ಅಡಿಕೆ ಚೊಗರಿನ ವಾಸನೆ. ಗಾದ್ರಮ್ಮ ಕಾಲು ಚಾಚಿ ಕೂತು ಬೆರಳುಗಳಿಗೆ ಹುಣಸೆಹಣ್ಣು ಉಜ್ಜಿಕೊಳ್ಳುತ್ತಿದ್ದರು. ದಿನವಿಡೀ ಹಸಿ ಅಡಿಕೆ ಸುಲಿದ ಬೆರಳು ಇದ್ದಲಿನ ಹಾಗೆ ಕಪ್ಪಗಿದ್ದವು. ಎಷ್ಟು ಉಜ್ಜಿದರೂ ಆ ಕಪ್ಪು ಹೋಗುವುದಿಲ್ಲ ಎಂದು ಯಾಸ್ಮೀನಳಿಗೆ ಗೊತ್ತಿತ್ತು. ಅಮ್ಮನ ಕೈಯೂ ಹಾಗೇ ಇತ್ತು.

"ಕೂತ್ಕಳೇ ತಾಜ್‌ಬೀ. ಇದು ನಿನ್ನ ಮಗಳಾ? ಕಣ್ಣು ನೋಡು, ಸಾವ್ಕಾರನ ತಕ್ಕಡಿ ಇದ್ದಂಗವೆ. ಕಂಡಿದ್ದನ್ನೆಲ್ಲಾ ತೂಗ್ತವೆ."

ಅಮ್ಮ ನಗಲಿಲ್ಲ. ಕಿವಿಯಿಂದ ಓಲೆ ಬಿಚ್ಚಿದಳು. ಉಟ್ಟು ಹಳೆಯದಾದ ಹಸಿರು ಸೀರೆಯ ಅಂಚನ್ನು ಹರಿದು ತಂದಿದ್ದಳು. ಅವಳು ಓಲೆಯನ್ನು ಅದರಲ್ಲಿಟ್ಟು ಗಂಟು ಹಾಕುವಾಗ ಗಾದ್ರಮ್ಮ ಗೋಡೆ ಕಡೆ ಮುಖ ತಿರುಗಿಸಿದರು. ಗಂಟು ಬಿಗಿಯಾಯಿತು ಎಂದು ಅಮ್ಮ ಹೇಳಿದ ಮೇಲೆಯೇ ಈ ಕಡೆ ತಿರುಗಿ ಕೈ ಚಾಚಿದರು. ಮೂಲೆಯಲ್ಲಿದ್ದ ಗಡಿಗೆಯ ರಾಗಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ಗಂಟನ್ನು ತಳಕ್ಕೆ ಸೇರಿಸಿದರು.

ಯಾಸ್ಮೀನ್ ಸುಮ್ಮನಿರುವ ಹುಡುಗಿಯಲ್ಲ. "ನೀನು ಯಾಕೆ ನೋಡ್ಲಿಲ್ಲ ದೊಡ್ಡಮ್ಮ?" ಎಂದು ಕೇಳಿಯೇಬಿಟ್ಟಳು.

"ನೋಡಿದ್ರೆ ನೆನಪಿರ್ತೈತೆ ಕೂಸೇ. ನೆನಪಿದ್ರೆ, ಯಾರಾದ್ರೂ ಕೇಳಿದಾಗ ಬಾಯಿಗೆ ಬರ್ತೈತೆ."

ಗಾದ್ರಮ್ಮ ಹುಟ್ಟಿದ್ದು ಜಗಳೂರು ಕಡೆಯ ಹಳ್ಳಿಯಲ್ಲಿ. ಉಬ್ರಾಣಿಯ ಹತ್ತಿರದ ಬಿಳಿಗಲ್ಲುಕಟ್ಟೆಗೆ ಮದುವೆಯಾಗಿ ಬಂದ ವರ್ಷವೇ ಗಂಡ ತಿಪ್ಪೇರುದ್ರ ಅವರ ಮೂಗುಬಟ್ಟನ್ನು ಕೇಳದೆ ಅಡವಿಟ್ಟು ಕುಡಿದುಬಿಟ್ಟ. ಅದು ಮರಳಿ ಬರಲಿಲ್ಲ. ಕೆಲವು ವರ್ಷಕ್ಕೆ ಅವನೂ ತೀರಿಕೊಂಡ. ಗಾದ್ರಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ಕಲಿತರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನೋಡುನೋಡುತ್ತ ಒಂದು ಗುಂಪಿಗೆ ಮೇಸ್ತ್ರಿಯಾದರು. ಕೊಯ್ಲಿನ ಕಾಲದಲ್ಲಿ ಊರ ಹೆಂಗಸರನ್ನು ಟೆಂಪೋ ಹತ್ತಿಸಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿದವರ ಶೆಡ್ಡುಗಳಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಲಿಂಗಾಯತರ ಹೆಂಗಸು, ನಾಯಕರ ಹೆಂಗಸು, ಸಾಬರ ಹೆಂಗಸು ಎಲ್ಲರೂ ಒಂದೇ ಸಾಲು. ಎಲ್ಲರ ಬೆರಳೂ ಒಂದೇ ಬಣ್ಣ.

ಗಡಿಗೆಯ ಪದ್ಧತಿ ಆ ಸಾಲಿನಲ್ಲೇ ಹುಟ್ಟಿತು. ಯಾರದೋ ಗಂಡ ಕಿವಿಯೋಲೆಗೆ ಕೈ ಹಾಕಿದ ಸುದ್ದಿ ಬಂದ ದಿನ ಒಬ್ಬಳು ತನ್ನ ಸರವನ್ನು ತಂದು ಗಾದ್ರಮ್ಮನ ಕೈಗೆ ಕೊಟ್ಟಳು. ಆಮೇಲೆ ಇನ್ನೊಬ್ಬಳು. ಬರೆದಿಡುವುದು ಎಂದೇನೂ ಇರಲಿಲ್ಲ. ಅವರವರ ಸೀರೆಯ ತುಂಡೇ ಅವರವರ ಗುರುತು. ಕಟ್ಟಿದವರೇ ಬಿಚ್ಚಬೇಕು ಎಂಬುದೊಂದೇ ಕಟ್ಟಳೆ. ಕಿವಿಯಲ್ಲಿ ಗಿಲೀಟಿನದು ಹಾಕಿಕೊಂಡು ಸಾಲಿನಲ್ಲಿ ಕೂತ ಹೆಂಗಸು, ತನ್ನದೂ ಒಂದು ಗಂಟು ಅಲ್ಲಿದೆ ಎಂದು ನೆನೆಸಿಕೊಂಡರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ತಾಜ್‌ಬೀಯ ಹಸಿರು ಗಂಟು ಬಿಚ್ಚಿದ್ದು ಯಾಸ್ಮೀನ್ ಚನ್ನಗಿರಿಯಲ್ಲಿ ಡಿಗ್ರಿಗೆ ಸೇರುವಾಗ. ಓಲೆ ಮಾರಿದ ದುಡ್ಡನ್ನು ಲಾಲ್‌ಸಾಬನ ಮುಂದೆ ಮಗಳ ಸ್ಕಾಲರ್‌ಶಿಪ್ ಎಂದು ಹೇಳಿದರು. ಮಗಳು ಪಾಸಾದ ದಿನ ಶೆಡ್ಡಿನಲ್ಲಿ ತಾಜ್‌ಬೀ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಹಂಚಿ, "ನನ್ನ ಓಲೆ ಬಿಎ ಪಾಸಾಗೈತೆ ಕಣ್ರೇ!" ಎಂದು ಕೂಗಿದಳು. ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಯಾಸ್ಮೀನ್. ಮುಂದೆ ಬಿಳಿಗಲ್ಲುಕಟ್ಟೆ ಪಂಚಾಯ್ತಿಯಲ್ಲೇ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು.

ಅದಕ್ಕೆ ಸ್ವಲ್ಪ ಮೊದಲು ಗಾದ್ರಮ್ಮನೂ ಪಂಚಾಯ್ತಿಗೆ ಬಂದಿದ್ದರು, ಸದಸ್ಯೆಯಾಗಿ. ಅವರ ಕೇರಿಯ ಸೀಟು ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾದಾಗ ಸುಲಿಯುವ ಗುಂಪೇ ಅವರನ್ನು ನಿಲ್ಲಿಸಿ, ಮನೆಮನೆ ತಿರುಗಿ ಗೆಲ್ಲಿಸಿತ್ತು. ಸೋತವಳು ಗೋಣೆಪ್ಪನ ಸೊಸೆ. ಗೋಣೆಪ್ಪ ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಆ ಸೋಲು ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಗೆದ್ದವರು ಪ್ರತಿ ವರ್ಷ ತಮ್ಮ ಮತ್ತು ಮನೆಯವರ ಆಸ್ತಿ ವಿವರವನ್ನು ಬರೆದು ಕೊಡಬೇಕೆಂಬುದು ಕಾನೂನು. ಮನೆ, ಹೊಲ, ಬಂಗಾರ, ಸಾಲ, ಎಲ್ಲವನ್ನೂ. ಮುಚ್ಚಿಟ್ಟರೆ ಸದಸ್ಯತ್ವಕ್ಕೇ ಕುತ್ತು. ಗಾದ್ರಮ್ಮ ಮೊದಲ ವರ್ಷಗಳಲ್ಲಿ ಒಂದು ಮನೆ, ಕಿವಿಯಲ್ಲಿದ್ದ ಒಂದು ಜೊತೆ ಬೆಂಡೋಲೆ ಎಂದು ಬರೆಸಿ ಸಹಿ ಹಾಕಿದ್ದರು.

ಯಾಸ್ಮೀನ್ ಕೆಲಸಕ್ಕೆ ಸೇರಿದ ಮೇಲೊಂದು ವರ್ಷ, ವಿವರ ಕೊಡುವ ಕಾಲ ಬಂದಾಗ, ಗೋಣೆಪ್ಪ ಪಂಚಾಯ್ತಿ ಮುಂದಿನ ಚಹಾದಂಗಡಿಯಲ್ಲಿ ಕೂತು, ಗಾದ್ರಮ್ಮನಿಗೆ ಕೇಳುವಂತೆಯೇ ಗಂಟಲೆತ್ತಿದ.

"ನಮ್ಮ ಮೆಂಬರಮ್ಮ ಬಡವೆ ಅಂತೀರಲ್ಲ, ಅವರ ಮನೇಲಿ ರಾಗಿ ಗಡಿಗೇಲಿ ಬಂಗಾರ ಬೆಳೀತೈತಂತೆ! ಈ ಸಲ ಆಸ್ತಿ ವಿವರದಾಗೆ ಅದನ್ನ ತೋರಿಸ್ತಾರೋ, ಇಲ್ಲ ರಾಗಿ ಅಂತ ತೋರಿಸ್ತಾರೋ ನೋಡ್ತೀನಿ. ಬಿಡಲ್ಲ ನಾನು."

"ರಾಗಿ ಬೇಕಾದ್ರೆ ಬಾರೋ ಗೋಣೆಪ್ಪ, ಒಂದು ಸೇರು ಕೊಡ್ತೀನಿ. ಮುದ್ದೆ ತಿಂದ್ರೆ ಹೊಟ್ಟೆಕಿಚ್ಚು ಇಳೀತೈತೆ" ಎಂದು ಗಾದ್ರಮ್ಮ ಅಲ್ಲೇ ತಿರುಗೇಟು ಕೊಟ್ಟರು. ಜನ ನಕ್ಕರು. ಆದರೆ ಯಾಸ್ಮೀನಳ ಯೋಚನೆಯೇ ಬೇರೆ. ಯಾರಾದರೂ ದೂರು ಕೊಟ್ಟು, ಅಧಿಕಾರಿಗಳು ಬಂದು ಗಡಿಗೆ ಬರಿದು ಮಾಡಿದರೆ? ಈ ಬಂಗಾರ ಯಾರದು ಎಂದರೆ ದೊಡ್ಡಮ್ಮ ಏನು ತೋರಿಸುತ್ತಾರೆ, ಸೀರೆಯ ತುಂಡುಗಳನ್ನೇ?

ಆಸ್ತಿ ವಿವರ ಕೊಡಲು ಮರುದಿನವೇ ಕೊನೆ. ಅವತ್ತೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಾಸ್ಮೀನ್ ಫಾರಂ ಹಿಡಿದು ಗಾದ್ರಮ್ಮನ ಮನೆಗೆ ಹೋದಳು. ಉಬ್ರಾಣಿಯ ಬೀಜದ ಅಂಗಡಿಯಿಂದ ಒಂದು ಸಣ್ಣ ತಕ್ಕಡಿಯನ್ನೂ ಕೇಳಿ ತಂದಿದ್ದಳು.

"ದೊಡ್ಡಮ್ಮ, ಎಲ್ಲಾ ಬರೆದುಬಿಡಣ. ಇಂಥವರದು ಇಷ್ಟು, ನನ್ನ ಹತ್ರ ಇಡಾಕೆ ಕೊಟ್ಟವರೆ ಅಂತ. ಆಮೇಲೆ ಯಾರು ಏನಂದ್ರೂ ನಿನ್ನ ಒಂದು ಕೂದಲೂ ಕೊಂಕಲ್ಲ."

"ಹೆಸರು ಬರೀಬೇಕೇನೇ?"

"ಹೆಸರಿಲ್ಲದಿದ್ರೆ ನಿಂದೇ ಅಂತಾರೆ."

"ಅವರ ಗಂಡಂದಿರಿಗೆ ಗೊತ್ತಾದ್ರೆ?"

"ಫೈಲಲ್ಲಿ ಇರ್ತೈತೆ ದೊಡ್ಡಮ್ಮ. ನಮ್ಮ ಆಫೀಸಿನ ಬೀರುವಿನಾಗೆ. ಯಾರು ತೆಗೆದು ನೋಡ್ತಾರೆ?"

ಗಾದ್ರಮ್ಮ ಗಡಿಗೆಯ ಬಾಯಿಗೆ ಕೈ ಅಡ್ಡ ಇಟ್ಟರು. "ಕಟ್ಟಿದೋರೇ ಬಿಚ್ಚಬೇಕು ಕಣೇ. ಅವರೆಲ್ಲಾ ಹೊನ್ನಾಳಿ ಶೆಡ್ಡಿಗೆ ಹೋಗವರೆ. ಶನಿವಾರ ಬರ್ತಾರೆ. ಕೇಳಿ ಬಿಚ್ಚಣ."

"ನಾಳೆಗೆ ಕೊನೆ ದೊಡ್ಡಮ್ಮ. ಗ್ರಾಂ ಎಷ್ಟು ಅಂತ ಕೇಳೈತೆ ಫಾರಂನಾಗೆ. ತೂಗಿ ಹಂಗೇ ಕಟ್ಟಿಡ್ತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು. ಗಾದ್ರಮ್ಮನಿಗೆ ಅವಳೆಂದರೆ ಆ ಗಡಿಗೆಯಿಂದಲೇ ಎದ್ದು ಬಂದ ಮಗಳು. "ಓದಿದೋಳು ನೀನು, ನಿಂಗೇ ಗೊತ್ತಿರ್ತೈತೆ" ಎಂದು ಗಡಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿದರು.

ಕೆಂಪು ಅಂಚು, ಹಳದಿ ಚೌಕಳಿ, ಮಾಸಿದ ನೀಲಿ. ಒಂದೊಂದೇ ಗಂಟು ಬಿಚ್ಚಿ ಯಾಸ್ಮೀನ್ ತೂಗಿದಳು, ಬರೆದಳು, ಮತ್ತೆ ಕಟ್ಟಿದಳು. ಈ ಸಲವೂ ಗಾದ್ರಮ್ಮ ಗೋಡೆ ಕಡೆಯೇ ಮುಖ ಮಾಡಿಕೊಂಡಿದ್ದರು. ನೇರಳೆ ಬಣ್ಣದ ಗಂಟಿಗೆ ಬಂದಾಗ ಯಾಸ್ಮೀನಳ ಕೈ ನಿಂತಿತು.

"ದೊಡ್ಡಮ್ಮ, ಇಲ್ಲಿ ನೋಡು."

ಅದು ಸುಲಿಯುವ ಗುಂಪಿನ ಲಕ್ಷ್ಮಮ್ಮನ ಗಂಟು. ಜುಮುಕಿ ಎಂದು ಹೇಳಿ ಕೊಟ್ಟಿದ್ದಳು. ಒಳಗಿದ್ದದ್ದು ಹುಣಸೆಬೀಜದಷ್ಟು ದಪ್ಪದ ಎರಡು ನುಣುಪು ಕಲ್ಲು.

ಗಾದ್ರಮ್ಮ ತಿರುಗಿ ನೋಡಿದವರು ತಟ್ಟನೆ ಬಟ್ಟೆಯನ್ನು ಎಳೆದುಕೊಂಡು ತಾವೇ ಗಂಟು ಬಿಗಿದರು. ಯಾರಾದರೂ ಕಂಡಾರೆಂದು ಬಾಗಿಲ ಕಡೆಯೂ ನೋಡಿದರು.

"ಜುಮುಕಿ ಒಂದು ಜೊತೆ ಅಂತ ಬರಿ."

"ಸುಳ್ಳಾಗ್ತೈತೆ ದೊಡ್ಡಮ್ಮ. ಬೇಕಾದ್ರೆ ಈ ಗಂಟು ಬಿಟ್ಟುಬಿಡಣ."

"ಎಲ್ಲರ ಹೆಸರಿದ್ದು ಅವಳದೊಂದೇ ಇಲ್ಲಾಂದ್ರೆ, ನಾಳೆ ಶೆಡ್ಡಲ್ಲಿ ಅವಳು ಹೆಂಗೆ ಕೂರ್ತಾಳೆ? ಜುಮುಕಿ ಅಂತ ಕೊಟ್ಟವಳೆ, ಜುಮುಕಿ ಅಂತ ಇಸ್ಕಂಡಿದೀನಿ. ಬರಿ."

ಯಾಸ್ಮೀನ್ ಒಂದು ಅಂದಾಜಿನ ತೂಕ ಹಾಕಿ ಬರೆದಳು. ಗಾದ್ರಮ್ಮ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಸಹಿ ಮಾಡಿದರು. ಮರುದಿನ ಪಂಚಾಯ್ತಿಯ ಅಧಿಕಾರಿ ಪಿಡಿಒ ಮಾಲತೇಶ್ ಚನ್ನಗಿರಿಗೆ ಮೀಟಿಂಗಿಗೆ ಹೋಗಿದ್ದರಿಂದ ಫಾರಂ ಅವರ ಕಣ್ಣಿಗೆ ಬೀಳದೆ ಫೈಲು ಸೇರಿತು.

ಯಾರು ತೆಗೆದು ನೋಡುತ್ತಾರೆ ಎಂದಿದ್ದಳು ಯಾಸ್ಮೀನ್. ಗೋಣೆಪ್ಪ ಒಂದು ಅರ್ಜಿ ಬರೆದು ಕಾನೂನಿನ ಪ್ರಕಾರವೇ ಪ್ರತಿ ಪಡೆದ. ಪ್ರತಿ ತೆಗೆದುಕೊಟ್ಟದ್ದು ಆಫೀಸಿನ ಜವಾನ. ಯಾಸ್ಮೀನಳಿಗೆ ಗೊತ್ತಾಗುವಷ್ಟರಲ್ಲಿ ಅದು ಫೋಟೋ ಆಗಿ ಊರಿನ ವಾಟ್ಸಾಪ್ ಗ್ರೂಪಿಗೆ ಬಿದ್ದಿತ್ತು. 'ನಮ್ಮೂರ ಬ್ಯಾಂಕ್, ಮ್ಯಾನೇಜರ್ ಗಾದ್ರಮ್ಮ' ಎಂದು ಕೆಳಗೆ ಒಕ್ಕಣೆ.

ಮಾಲತೇಶ್ ಆ ಫೋಟೋ ನೋಡಿದ್ದೇ ಯಾಸ್ಮೀನಳನ್ನು ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೇರೆಯವರ ಒಡವೆ ಯಾಕಮ್ಮಾ ಬರೆದೆ? ಸದಸ್ಯರದು, ಅವರ ಮನೆಯವರದು ಅಂತ ಮೇಲೇ ಐತಲ್ಲ. ಇಡಾಕೆ ಕೊಟ್ಟಿದ್ದು ಅವರ ಆಸ್ತಿ ಹೆಂಗಾಗ್ತೈತೆ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವಳು ಆ ಸಾಲನ್ನು ಓದಿರಲಿಲ್ಲವೆಂದಲ್ಲ. ಎರಡು ಸಲ ಓದಿದ್ದಳು. ಬಿಟ್ಟರೆ ತಪ್ಪು, ಎಲ್ಲವನ್ನೂ ಬರೆದರೆ ತಪ್ಪಿಲ್ಲ ಎಂದು ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಯೋಚಿಸಿದ್ದಳು. ಹೆಚ್ಚಿಗೆ ಬರೆದರೂ ಮನೆ ಮುರಿಯುತ್ತದೆ ಎಂದು ಅವಳಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ನೇರ ಗಾದ್ರಮ್ಮನ ಮನೆಗೆ ಓಡಿದಳು. ಅಷ್ಟರಲ್ಲಿ ಲಕ್ಷ್ಮಮ್ಮನ ಗಂಡ ಹನುಮಂತಪ್ಪ ಅಂಗಳದಲ್ಲಿ ನಿಂತಿದ್ದ, ಕೈಯಲ್ಲಿ ಮೊಬೈಲು. ಗುಂಪಿಗಿಂತ ಮೊದಲೇ ಹೊನ್ನಾಳಿಯಿಂದ ಮರಳಿದ್ದ ಲಕ್ಷ್ಮಮ್ಮ ಅವನ ಹಿಂದೆ ನೆಲ ನೋಡುತ್ತ ನಿಂತಿದ್ದಳು. ಬೇಲಿಯಾಚೆ ಜನ ಸೇರಿದ್ದರು.

"ಏನ್ರೀ ಮೆಂಬರಮ್ನೋರೇ, ನನ್ನ ಹೆಂಡ್ತಿ ಜುಮುಕಿ ನಿಮ್ಮ ಆಸ್ತಿನಾ? ಕಳೆದೋತು ಅಂತ ನನ್ನ ಮುಂದೆ ಕಣ್ಣೀರು ಹಾಕಿದ್ಲು ಇವಳು. ತಗೀರಿ ಈಚೆಗೆ."

ಗಾದ್ರಮ್ಮ ನೇರಳೆ ಗಂಟನ್ನು ತಂದರು. "ಕಟ್ಟಿದೋಳು ಇಲ್ಲೇ ಅವಳೆ. ಅವಳ ಕೈಗೆ ಕೊಡ್ತೀನಿ. ಅವಳು ಮನೆಗೋಗಿ ಬಿಚ್ಚಲಿ."

ಲಕ್ಷ್ಮಮ್ಮ ಕೈ ಚಾಚಲಿಲ್ಲ. ಹನುಮಂತಪ್ಪ ಗಂಟನ್ನು ಕಸಿದುಕೊಂಡು ಹಲ್ಲಿನಿಂದ ಬಿಚ್ಚಿದ. ಎರಡು ಕಲ್ಲು ಅಂಗಳಕ್ಕೆ ಬಿದ್ದವು.

ಬೇಲಿಯಾಚೆಯಿಂದ ಯಾರೋ, "ಅಯ್ಯೋ, ಗಾದ್ರಮ್ಮ ಹಿಂಗಾ!" ಎಂದರು.

"ಕದ್ದಿದೀಯ!" ಎಂದು ಹನುಮಂತಪ್ಪ ಕೂಗಿದ. "ನಾಲ್ಕು ಗ್ರಾಂ ಅಂತ ನೀನೇ ಸಹಿ ಮಾಡಿದೀಯ. ಕಲ್ಲು ಕಟ್ಟಿಟ್ಟು ಬಂಗಾರ ನುಂಗಿದೀಯ!"

ಯಾಸ್ಮೀನ್ ಲಕ್ಷ್ಮಮ್ಮನ ಮುಖ ನೋಡಿದಳು. ಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನು ತಾನೇ ಹೇಳಬೇಕೆಂದು ಯಾಸ್ಮೀನ್ ಮುಂದೆ ಬಂದಳು.

"ಹನುಮಂತಣ್ಣ, ಆ ಕಲ್ಲು..."

"ಯಾಸ್ಮೀನಾ!" ಗಾದ್ರಮ್ಮನ ದನಿ ಶೆಡ್ಡಿನಲ್ಲಿ ಗುಂಪನ್ನು ಕೂಗುವಾಗಿನ ದನಿ. "ಒಳಗೋಗಿ ನೀರು ತಾ. ಬಾಯಾರೈತೆ ನನಗೆ."

ಅವಳು ನೀರು ತರುವಷ್ಟರಲ್ಲಿ ಗಾದ್ರಮ್ಮನ ಕಿವಿ ಬರಿದಾಗಿದ್ದವು. ಬೆಂಡೋಲೆಗಳು ಹನುಮಂತಪ್ಪನ ಅಂಗೈಯಲ್ಲಿದ್ದವು.

"ಇದು ಜುಮುಕಿ ಅಲ್ಲ" ಎಂದ ಅವನು.

"ತೂಕ ಜಾಸ್ತಿನೇ ಐತೆ. ತಗಂಡೋಗು. ಇವಳ ಮೇಲೆ ಕೈ ಮಾಡಿದ್ದು ಗೊತ್ತಾದ್ರೆ ಮಾತ್ರ ನಾನೇ ನಿಮ್ಮ ಮನೆ ಬಾಗಿಲಿಗೆ ಬರ್ತೀನಿ."

ಬೆಂಡೋಲೆ ಕೊಟ್ಟಿದ್ದನ್ನು ಊರು ಕಳ್ಳತನ ಒಪ್ಪಿಕೊಂಡಂತೆಯೇ ತಿಳಿಯಿತು. ಶನಿವಾರ ಹೊನ್ನಾಳಿಯಿಂದ ಗುಂಪು ಮರಳಿತು. ಯಾರೂ ಜಗಳಕ್ಕೆ ಬರಲಿಲ್ಲ. ಒಬ್ಬೊಬ್ಬರೇ ಬಂದು ಗಂಟು ಕೇಳಿದರು, ಬಾಗಿಲಲ್ಲೇ ಬಿಚ್ಚಿ ನೋಡಿದರು. ಇಷ್ಟು ವರ್ಷ ಯಾರೂ ಗಾದ್ರಮ್ಮನ ಎದುರು ಬಿಚ್ಚಿ ನೋಡಿದ್ದಿಲ್ಲ. ಕೆಂಪು ಅಂಚಿನವಳು ಗಂಟನ್ನು ಬೆರಳಲ್ಲಿ ತಿರುಗಿಸಿ, "ಇದು ನಾನು ಕಟ್ಟಿದ ಗಂಟಲ್ಲ ಗಾದ್ರಕ್ಕ" ಎಂದಳು. ಅದು ನಿಜವೇ ಆಗಿತ್ತು. ಕಟ್ಟಿದವಳು ಯಾಸ್ಮೀನ್. ತೂಗಿದ್ದು ತಾನೆಂದು ಅವಳು ಎಷ್ಟು ಹೇಳಿದರೂ, ಓದಿದ ಹುಡುಗಿ ದೊಡ್ಡಮ್ಮನ ಪರ ಮಾತಾಡುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು. ಮನೆಗೆ ಹೋದ ಆ ಒಡವೆಗಳಲ್ಲಿ ಎಷ್ಟೋ ಚನ್ನಗಿರಿಯ ಅಡವಿನ ಅಂಗಡಿ ಸೇರಿದವು. ಹಳದಿ ಚೌಕಳಿಯವಳು ಕೆಲವು ದಿನ ಕೆಲಸಕ್ಕೆ ಬರಲಿಲ್ಲ. ಬಂದಾಗ ಅವಳ ಕೆನ್ನೆ ಊದಿತ್ತು.

ತಾಜ್‌ಬೀ ಮಗಳಿಗೆ ಅನ್ನ ಬಡಿಸಿ ಎದುರು ಕೂತಳು. "ನನ್ನ ಓಲೆ ಏನು ಓದಿತೋ ನನಗೆ ಗೊತ್ತಾಗಲಿಲ್ಲ" ಎಂದಳು, ಅಷ್ಟೇ.

ಲಕ್ಷ್ಮಮ್ಮನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟಿತ್ತು. ಒಂದು ದಿನ ನಲ್ಲಿಯ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟಳು. "ಒಂದು ಮಾತು ಹೇಳಾಕೆ ಆಗ್ಲಿಲ್ವಾ ನಿಂಗೆ?"

"ಹೇಳಿದ್ರೆ ನಿಜವಾದ ಜುಮುಕಿ ಎಲ್ಲಿ ಅಂತ ಕೇಳ್ತಿದ್ದ" ಎಂದಳು ಲಕ್ಷ್ಮಮ್ಮ, ಕೊಡದ ಬಾಯಿಯನ್ನೇ ನೋಡುತ್ತ. "ನನ್ನ ಮಗಳು ಅನಿತಾಳ ನರ್ಸಿಂಗಿಗೆ ಮಾರಿದ್ದೆ ಕಣೇ. ನಿಮ್ಮಮ್ಮ ನಿಂಗೆ ಮಾಡ್ಲಿಲ್ವಾ, ಹಂಗೇ. ಗೊತ್ತಾದ್ರೆ ಅವಳನ್ನ ಬಿಡಿಸಿ ಮನೇಲಿ ಕೂರಿಸ್ತಿದ್ದ. ಎಲ್ಲರದೂ ಅಲ್ಲಿ ಗಂಟು ಇತ್ತಲ್ಲ, ನಂದೂ ಒಂದಿರಲಿ ಅಂತ ಕಲ್ಲು ಕಟ್ಟಿ ಕೊಟ್ಟೆ. ಗಾದ್ರಕ್ಕ ಬಿಚ್ಚಲ್ಲ ಅಂತ ಗೊತ್ತಿತ್ತು ನನಗೆ."

ಯಾಸ್ಮೀನಳ ಸಿಟ್ಟು ನಿಂತಲ್ಲೇ ಕರಗಿತು. ಬೈಯಲು ಉಳಿದಿದ್ದವಳು ಒಬ್ಬಳೇ, ಅದು ತಾನೇ. ಸತ್ಯ ಹೇಳಿಬಿಟ್ಟರೆ ಗಾದ್ರಮ್ಮನ ಹೆಸರು ಉಳಿಯುತ್ತಿತ್ತು, ಅನಿತಾಳ ಓದು ಹೋಗುತ್ತಿತ್ತು. ಹೀಗೆ ಅವಳ ಬಾಯೂ ಕಟ್ಟಿತು.

ಗಾದ್ರಮ್ಮನಿಗೆ ಎಲ್ಲವನ್ನೂ ಹೇಳಿ, ತಪ್ಪಾಯಿತೆಂದು ಅತ್ತಳು. ಗಾದ್ರಮ್ಮ ಅವಳ ತಲೆ ಸವರಿದರು. "ಅದರಾಗೆ ನೀನು ಬರೆದಿದ್ದೆಲ್ಲಾ ನಿಜ ಕಣೇ. ಸುಳ್ಳು ಅಂತ ಇದ್ದಿದ್ದು ಒಂದೇ, ಅದನ್ನ ಬರೆಸಿದ್ದು ನಾನು" ಎಂದರು. ಸಮಾಧಾನಕ್ಕೆಂದು ಹೇಳಿದ ಆ ಮಾತೇ ಯಾಸ್ಮೀನಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಆ ಒಂದು ಸುಳ್ಳಿನಿಂದ ಯಾರಿಗೂ ಕೇಡಾಗದಂತೆ ದೊಡ್ಡಮ್ಮ ತಮ್ಮ ಕಿವಿಯ ಬಂಗಾರವನ್ನೇ ಕೊಟ್ಟಿದ್ದರು. ತನ್ನ ನಿಜಗಳಿಗೆ ಅವಳು ಏನನ್ನೂ ಕೊಡಲು ಆಗಿರಲಿಲ್ಲ.

ಮುಂದಿನ ವರ್ಷ ಮತ್ತೆ ಫಾರಂ ಬಂತು. ಬಂಗಾರದ ಕಾಲಂ ಹತ್ತಿರ ಯಾಸ್ಮೀನಳ ಪೆನ್ನು ನಿಂತಿತು.

"ಯಾಕೆ, ಕೈ ನೋಯ್ತೈತಾ?" ಎಂದರು ಗಾದ್ರಮ್ಮ. "ಇಲ್ಲ ಅಂತ ಬರಿ. ನೋಡು, ಈ ಸಲ ಎಷ್ಟು ಬೇಗ ಮುಗೀತು!"

ನಗಿಸಲೆಂದೇ ಹೇಳಿದ್ದರು. ಇಬ್ಬರೂ ನಗಲಿಲ್ಲ. ಮೂಲೆಯ ಗಡಿಗೆಯಲ್ಲಿ ಈಗ ಬರೀ ರಾಗಿ.

ದೂರು ಯಾರೂ ಕೊಡಲಿಲ್ಲ, ಸದಸ್ಯತ್ವ ಅವಧಿ ಮುಗಿಯುವವರೆಗೂ ಇತ್ತು. ಯಾವ ಸೀಟನ್ನು ಉಳಿಸಲೆಂದು ಗಡಿಗೆ ಬೋರಲು ಹಾಕಿದ್ದರೋ ಆ ಸೀಟು ಉಳಿಯಿತು. ಆದರೆ ಅವರ ಟೆಂಪೋಗೆ ಹತ್ತುವವರು ಕಡಿಮೆಯಾಗುತ್ತ ಬಂದು ಗುಂಪು ಬೇರೆಯವರ ಕೈ ಸೇರಿತು. ತಾಜ್‌ಬೀ ಒಬ್ಬಳು ಕೊನೆಯವರೆಗೂ ಅವರ ಪಕ್ಕದಲ್ಲೇ ಕೂತಳು, ಮಂಡಿನೋವಿಗೆ ಕೆಲಸ ಬಿಡುವವರೆಗೂ. ಅನಿತಾಳಿಗೆ ನರ್ಸಿಂಗ್ ಮುಗಿದು ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಆ ಸುದ್ದಿ ಹೇಳಲು ಲಕ್ಷ್ಮಮ್ಮ ಹಿಂದಿನ ಓಣಿಯಿಂದ ಬಂದು, ಗಾದ್ರಮ್ಮನ ಬರಿಗಿವಿ ನೋಡಿ, ಹೇಳದೆಯೇ ಹೋದಳು. ಸುದ್ದಿ ಹೇಳಿದ್ದು ಯಾಸ್ಮೀನ್. "ಒಳ್ಳೇದಾತು ಬಿಡು" ಎಂದು ಗಾದ್ರಮ್ಮ ಬೆರಳಿಗೆ ಹುಣಸೆಹಣ್ಣು ಉಜ್ಜಿಕೊಂಡರು.

ಈಗ ಕೊಯ್ಲಿನ ಕಾಲ ಬಂದರೆ ಗಾದ್ರಮ್ಮ ಒಬ್ಬರೇ ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ನ್ಯಾಮತಿಗೆ ಹೋಗುತ್ತಾರೆ. ಅಲ್ಲಿನ ಶೆಡ್ಡೊಂದರಲ್ಲಿ ಗುರುತಿಲ್ಲದ ಹೆಂಗಸರ ನಡುವೆ ಕೂತು, ದಿನಗೂಲಿಗೆ ಅಡಿಕೆ ಸುಲಿಯುತ್ತಾರೆ.